ಅನ್ನ ಬಿಟ್ಟವರಿಗೆ ಎಣ್ಣೆಯ ಅಂಜಿಕೆ

ತೂಕ ಇಳಿಸಬೇಕೆಂದೋ ರಕ್ತದ ಸಕ್ಕರೆಯನ್ನು ಹತೋಟಿಗೆ ತರಬೇಕೆಂದೋ ಅನ್ನ, ಮುದ್ದೆ, ಚಪಾತಿಗಳನ್ನು ಕಡಿಮೆ ಮಾಡಹೊರಟವರು ಮೊದಲ ವಾರದಲ್ಲಿಯೇ ಒಂದು ಇಕ್ಕಟ್ಟಿಗೆ ಸಿಲುಕುತ್ತಾರೆ. ಹಿಟ್ಟು, ಸಕ್ಕರೆಗಳನ್ನು ಬಿಡಲು ಮನಸ್ಸು ಒಪ್ಪಿದರೂ ಅವುಗಳ ಜಾಗಕ್ಕೆ ಮೊಟ್ಟೆಯ ಹಳದಿ, ಕಡಲೆಕಾಯಿ, ತೆಂಗಿನತುರಿ, ಕೆನೆ ತೆಗೆಯದ ಮೊಸರುಗಳನ್ನು ಬಡಿಸಿಕೊಳ್ಳಲು ಕೈ ಹಿಂದೆಗೆಯುತ್ತದೆ. ವೈದ್ಯರ ಪಥ್ಯದ ಚೀಟಿಯಿಂದ ಹಿಡಿದು ಎಣ್ಣೆ ಡಬ್ಬಿಯ ಮೇಲಿನ ಹೃದಯದ ಚಿತ್ರದವರೆಗೆ ಎಲ್ಲವೂ ದಶಕಗಳ ಕಾಲ ಜಿಡ್ಡನ್ನೇ ಮೊದಲ ಆರೋಪಿಯಾಗಿ ನಿಲ್ಲಿಸಿರುವುದರಿಂದ, ಅನ್ನವನ್ನೂ ಎಣ್ಣೆಯನ್ನೂ ಒಟ್ಟಿಗೆ ಬಿಟ್ಟರೆ ಲಾಭ ಇಮ್ಮಡಿಯಾದೀತು ಎಂಬ ತರ್ಕ ಅವರಿಗೆ ಸಹಜವಾಗಿಯೇ ಹೊಳೆಯುತ್ತದೆ. ಆದರೆ ಈ ತರ್ಕ ಲೆಕ್ಕದಲ್ಲಿಯೇ ಸೋಲುತ್ತದೆ.

ಆಹಾರದಿಂದ ದೇಹಕ್ಕೆ ದೊರೆಯುವ ಶಕ್ತಿಯನ್ನು ಅಳೆಯುವ ಮಾನ ಕ್ಯಾಲೊರಿ. ಅದನ್ನು ಒದಗಿಸುವ ಮುಖ್ಯ ಮೂಲಗಳು ಮೂರೇ: ಧಾನ್ಯ, ಗೆಡ್ಡೆ, ಸಕ್ಕರೆಗಳಲ್ಲಿರುವ ಕಾರ್ಬೋಹೈಡ್ರೇಟ್, ಅಂದರೆ ಶರ್ಕರಪಿಷ್ಟ; ಮಾಂಸಖಂಡಗಳ ಪೋಷಣೆಗೆ ಬೇಕಾದ ಪ್ರೋಟೀನ್; ಮತ್ತು ಕೊಬ್ಬು. ಮೊದಲೆರಡು ಗ್ರಾಮಿಗೆ 4 ಕ್ಯಾಲೊರಿ ಕೊಟ್ಟರೆ ಕೊಬ್ಬು 9 ಕ್ಯಾಲೊರಿ ಕೊಡುತ್ತದೆ. ದಿನಕ್ಕೆ 130 ಗ್ರಾಮಿಗಿಂತ ಕಡಿಮೆ ಶರ್ಕರಪಿಷ್ಟವಿರುವ ಊಟವನ್ನು ಪೌಷ್ಟಿಕತಜ್ಞರು ಸಾಮಾನ್ಯವಾಗಿ ಕಡಿಮೆ ಕಾರ್ಬೋಹೈಡ್ರೇಟಿನ ಊಟವೆಂದು ಕರೆಯುತ್ತಾರೆ. ನೂರು ಗ್ರಾಂ ರಾಗಿಹಿಟ್ಟಿನ ಒಂದು ಮುದ್ದೆಯೇ ಸುಮಾರು 70 ಗ್ರಾಮನ್ನು ಕೊಡುವುದರಿಂದ ದಿನಕ್ಕೆ ಎರಡು ಮುದ್ದೆ ಉಂಡವರು ಈ ಗಡಿಯನ್ನು ದಾಟಿದಂತೆಯೇ. ದಿನಕ್ಕೆ 2000 ಕ್ಯಾಲೊರಿ ಬೇಕಾಗುವ ವ್ಯಕ್ತಿಯೊಬ್ಬರು 1400ಕ್ಕೆ ಇಳಿಯಲು ನಿರ್ಧರಿಸಿ, ಅದರಲ್ಲಿ 120 ಗ್ರಾಂ ಶರ್ಕರಪಿಷ್ಟವನ್ನೂ 70 ಗ್ರಾಂ ಪ್ರೋಟೀನನ್ನೂ ಇಟ್ಟುಕೊಂಡರೆಂದು ಭಾವಿಸಿದರೆ ಇವೆರಡರಿಂದ ಬರುವುದು 760 ಕ್ಯಾಲೊರಿ ಮಾತ್ರ. ಉಳಿದ 640 ಕ್ಯಾಲೊರಿ ಕೊಬ್ಬಿನಿಂದಲೇ ಬರಬೇಕು, ಅಂದರೆ ಸುಮಾರು 70 ಗ್ರಾಂ. ಅದಕ್ಕೆ ಹೆದರಿ ಕೊಬ್ಬನ್ನು 20 ಗ್ರಾಮಿಗೆ ಇಳಿಸಿದವರು ತಮಗೆ ಅರಿವಿಲ್ಲದೆಯೇ 940 ಕ್ಯಾಲೊರಿಯ ಅರೆಹೊಟ್ಟೆ ಊಟಕ್ಕೆ ಬಂದು ನಿಲ್ಲುತ್ತಾರೆ. ಎರಡನೆಯ ವಾರದಲ್ಲಿ ತಲೆಸುತ್ತು, ಸಿಡುಕು, ಮಲಬದ್ಧತೆಗಳು ಕಾಣಿಸಿಕೊಂಡು ಮೂರನೆಯ ವಾರದಲ್ಲಿ ಬಿಸ್ಕತ್ತಿನ ಡಬ್ಬಿ ಮತ್ತೆ ತೆರೆಯುವುದಕ್ಕೆ ಮನೋಬಲದ ಕೊರತೆಗಿಂತ ಈ ಕೂಡಿಸುವ ಕಳೆಯುವ ಲೆಕ್ಕವೇ ಹೆಚ್ಚಿನ ಕಾರಣ.

ಶರ್ಕರಪಿಷ್ಟ ಮತ್ತು ಕೊಬ್ಬು ಎರಡನ್ನೂ ಒಟ್ಟಿಗೆ ತೆಗೆದರೆ ಏನಾಗುತ್ತದೆ ಎಂಬುದಕ್ಕೆ ಒಂದು ಹಳೆಯ ದಾಖಲೆಯಿದೆ. ಉತ್ತರ ಧ್ರುವ ಪ್ರದೇಶದ ಇನ್ಯುಯಿಟ್ ಜನರೊಂದಿಗೆ ವರ್ಷಗಟ್ಟಲೆ ಬಾಳಿದ್ದ ಅನ್ವೇಷಕ ವಿಲ್ಜಾಲ್ಮರ್ ಸ್ಟೆಫಾನ್ಸನ್, ಮಾಂಸವನ್ನು ಮಾತ್ರ ತಿಂದು ಬದುಕಬಹುದೆಂಬ ತಮ್ಮ ಮಾತನ್ನು ಸಾಬೀತುಪಡಿಸಲು 1928ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ವೈದ್ಯರ ಕಣ್ಗಾವಲಿಗೆ ಒಳಗಾದರು. ಆರಂಭದಲ್ಲಿ ಅವರಿಗೆ ಕೊಬ್ಬು ತೆಗೆದ ಬರಿಯ ಮಾಂಸವನ್ನಷ್ಟೇ ಕೊಡಲಾಯಿತು. ಕೆಲವೇ ದಿನಗಳಲ್ಲಿ ವಾಕರಿಕೆ, ಭೇದಿ, ನಿಶ್ಶಕ್ತಿಗಳು ಕಾಣಿಸಿಕೊಂಡವು, ಕೊಬ್ಬಿನ ಮಾಂಸವನ್ನು ಸೇರಿಸುತ್ತಲೇ ಅವು ಮಾಯವಾದವು. ಮುಂದೆ ಅವರ ಊಟದ ಶಕ್ತಿಯ ಮುಕ್ಕಾಲು ಭಾಗ ಕೊಬ್ಬಿನಿಂದಲೇ ಬರುತ್ತಿತ್ತು. ಬಡಕಲು ಮೊಲಗಳನ್ನಷ್ಟೇ ತಿನ್ನಬೇಕಾಗಿ ಬಂದ ಚಳಿನಾಡಿನ ಬೇಟೆಗಾರರಲ್ಲಿ ಇದೇ ಲಕ್ಷಣ ಕಾಣಿಸುತ್ತಿದ್ದುದರಿಂದ ಅದಕ್ಕೆ ‘ಮೊಲದ ಉಪವಾಸ’ ಎಂಬ ಹೆಸರೇ ಬಿದ್ದಿತ್ತು. ಮಾಂಸವನ್ನಷ್ಟೇ ತಿಂದು ಬದುಕುವ ಅಗತ್ಯ ಇಲ್ಲಿನ ಓದುಗರಿಗಿಲ್ಲ. ಆದರೂ ಮೊಟ್ಟೆಯ ಬಿಳಿಭಾಗ, ಬೇಯಿಸಿದ ತರಕಾರಿ, ಕೆನೆ ತೆಗೆದ ಮಜ್ಜಿಗೆಗಳಿಗೆ ಇಳಿದಿರುವ ಅನೇಕರ ಪಥ್ಯ ಈ ಸ್ಥಿತಿಯ ನೆರೆಯಲ್ಲಿಯೇ ಇದೆ.

ಭಯದ ಮೂಲವನ್ನು ಹುಡುಕಿದರೆ ಅದು ಬಹುಪಾಲು ಅಮೆರಿಕದ್ದು, ಬಹಳ ಹಳೆಯದೂ ಅಲ್ಲ. 1955ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾದಾಗ ಹೃದ್ರೋಗ ಇಡೀ ದೇಶದ ಮನೆಮಾತಾಯಿತು. ಅದಕ್ಕೆ ಎರಡು ವರ್ಷ ಮೊದಲೇ ಮಿನೆಸೊಟಾ ವಿಶ್ವವಿದ್ಯಾಲಯದ ಶರೀರಕ್ರಿಯಾ ವಿಜ್ಞಾನಿ ಆನ್ಸೆಲ್ ಕೀಸ್, ಆರು ದೇಶಗಳ ಅಂಕಿಗಳನ್ನು ಒಂದೇ ರೇಖೆಯಲ್ಲಿ ಜೋಡಿಸಿ, ಜನ ತಿನ್ನುವ ಕೊಬ್ಬು ಹೆಚ್ಚಿದಂತೆ ಹೃದ್ರೋಗದ ಸಾವುಗಳೂ ಹೆಚ್ಚುತ್ತವೆ ಎಂದು ತೋರಿಸಿದ್ದರು. ಆಗ 22 ದೇಶಗಳ ಅಂಕಿಗಳು ಲಭ್ಯವಿದ್ದವೆಂದೂ ಅವನ್ನೆಲ್ಲ ಸೇರಿಸಿದರೆ ಸಂಬಂಧ ಸಡಿಲಗೊಳ್ಳುತ್ತದೆಂದೂ 1957ರಲ್ಲಿ ಯೆರುಶಾಲ್ಮಿ ಮತ್ತು ಹಿಲ್‌ಬೋ ಎಂಬ ಇಬ್ಬರು ತಜ್ಞರು ಆಕ್ಷೇಪಿಸಿದರು. ಈ ನಡುವೆ ಕೀಸ್ 1958ರಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಗಂಡಸರನ್ನು ಒಳಗೊಂಡ ‘ಏಳು ದೇಶಗಳ ಅಧ್ಯಯನ’ವನ್ನು ಆರಂಭಿಸಿದರು. ಇಂದು ಕೀಸ್ ಅವರನ್ನು ಕುತಂತ್ರಿಯೆಂಬಂತೆ ಚಿತ್ರಿಸುವ ಬರಹಗಳು ಬಹಳ. ಅವು ಆ ಅಧ್ಯಯನದ ಅತ್ಯಂತ ಕುತೂಹಲಕಾರಿ ಭಾಗವನ್ನೇ ಮರೆಯುತ್ತವೆ. ಹೃದ್ರೋಗದ ಸಾವುಗಳಲ್ಲಿ ಪೂರ್ವ ಫಿನ್ಲೆಂಡ್ ಮೇಲಿನ ತುದಿಯಲ್ಲಿದ್ದರೆ ಗ್ರೀಸಿನ ಕ್ರೀಟ್ ದ್ವೀಪ ಕೆಳಗಿನ ತುದಿಯಲ್ಲಿತ್ತು, ಆದರೆ ಕ್ರೀಟಿನವರೂ ತಮ್ಮ ಶಕ್ತಿಯ ಸುಮಾರು ಶೇ 40ರಷ್ಟನ್ನು ಕೊಬ್ಬಿನಿಂದಲೇ ಪಡೆಯುತ್ತಿದ್ದರು. ವ್ಯತ್ಯಾಸವಿದ್ದುದು ಬೆಣ್ಣೆಗೂ ಆಲಿವ್ ಎಣ್ಣೆಗೂ ನಡುವೆ. ಕೀಸ್ ಅವರೇ ಕಾಲಕ್ರಮದಲ್ಲಿ ಒಟ್ಟು ಕೊಬ್ಬಿನ ಮೇಲಿನ ದೂರನ್ನು ಬಿಟ್ಟು, ಬೆಣ್ಣೆ, ಮಾಂಸಗಳಲ್ಲಿ ಹೆಚ್ಚಾಗಿರುವ ಮತ್ತು ತಣ್ಣಗಾದಾಗ ಹೆಪ್ಪುಗಟ್ಟುವ ಸ್ಯಾಚುರೇಟೆಡ್ ಕೊಬ್ಬಿನತ್ತ ಬೊಟ್ಟುಮಾಡಿದರು.

ಸರ್ಕಾರಿ ಸಲಹೆಗಳಿಗೆ ಇಷ್ಟು ಸೂಕ್ಷ್ಮ ಬೇಕಿರಲಿಲ್ಲ. ಸೆನೆಟರ್ ಜಾರ್ಜ್ ಮೆಕ್‌ಗವರ್ನ್ ಅವರ ಸಮಿತಿ 1977ರಲ್ಲಿ ಅಮೆರಿಕನ್ನರು ಕೊಬ್ಬನ್ನು ಶೇ 30ಕ್ಕೆ ಇಳಿಸಿ ಶರ್ಕರಪಿಷ್ಟವನ್ನು ಶೇ 55ರಿಂದ 60ಕ್ಕೆ ಏರಿಸಬೇಕೆಂದಿತು. 1992ರ ಆಹಾರ ಪಿರಮಿಡ್ಡಿನ ಬುಡದಲ್ಲಿ ಬ್ರೆಡ್ಡು, ಅನ್ನ, ಪಾಸ್ತಾಗಳು ದಿನಕ್ಕೆ 6ರಿಂದ 11 ಪಾಲು ತಿನ್ನುವ ಪದಾರ್ಥಗಳಾಗಿ ಕುಳಿತವು. ಅದೇ ವರ್ಷ ನಬಿಸ್ಕೊ ಕಂಪನಿ ‘ಸ್ನ್ಯಾಕ್‌ವೆಲ್ಸ್’ ಎಂಬ ಕೊಬ್ಬಿಲ್ಲದ ಸಿಹಿ ಬಿಸ್ಕತ್ತುಗಳನ್ನು ಮಾರುಕಟ್ಟೆಗೆ ತಂದಿತು, ಕೊಬ್ಬಿಲ್ಲವೆಂಬ ಧೈರ್ಯದಲ್ಲಿ ಜನ ಡಬ್ಬಿಗಟ್ಟಲೆ ತಿಂದರು. ಸುಮಾರು 49 ಸಾವಿರ ಮಹಿಳೆಯರನ್ನು ಎಂಟು ವರ್ಷಗಳ ಕಾಲ ಗಮನಿಸಿದ ಅಮೆರಿಕದ ಮಹಿಳಾ ಆರೋಗ್ಯ ಪ್ರಯೋಗದ ಫಲಿತಾಂಶ 2006ರಲ್ಲಿ ಹೊರಬಿದ್ದಾಗ, ಒಟ್ಟು ಕೊಬ್ಬನ್ನು ಕಡಿಮೆ ಮಾಡಿದವರಲ್ಲಿ ಹೃದ್ರೋಗವಾಗಲಿ ಪಾರ್ಶ್ವವಾಯುವಾಗಲಿ ಗಮನಾರ್ಹವಾಗಿ ತಗ್ಗಿರಲಿಲ್ಲ. ಕಡೆಗೆ 2015ರ ಅಮೆರಿಕದ ಮಾರ್ಗಸೂಚಿ ಒಟ್ಟು ಕೊಬ್ಬಿನ ಗರಿಷ್ಠ ಮಿತಿಗೂ ಆಹಾರದ ಕೊಲೆಸ್ಟರಾಲಿಗಿದ್ದ 300 ಮಿಲಿಗ್ರಾಮಿನ ಮಿತಿಗೂ ಒತ್ತು ಕೊಡುವುದನ್ನು ಕೈಬಿಟ್ಟು, ಸ್ಯಾಚುರೇಟೆಡ್ ಕೊಬ್ಬಿನ ಶೇ 10ರ ಮಿತಿಯನ್ನು ಮಾತ್ರ ಉಳಿಸಿಕೊಂಡಿತು. ಆ ಮಾರ್ಪಾಡಿನ ಸುದ್ದಿ ಮೂಲ ಎಚ್ಚರಿಕೆಯಷ್ಟು ಗಟ್ಟಿಯಾಗಿ ಯಾರ ಕಿವಿಗೂ ಬೀಳಲಿಲ್ಲ.

ಈ ಎಚ್ಚರಿಕೆಯನ್ನು ಭಾರತ ಎರವಲು ತಂದುಕೊಂಡದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಅಮೆರಿಕನ್ನರ ತಟ್ಟೆಯಲ್ಲಿ ಮಾಂಸ, ಬೆಣ್ಣೆಗಳು ಮಿತಿಮೀರಿದ್ದವು. ಇಲ್ಲಿನ ಬಹುಪಾಲು ಮನೆಗಳಲ್ಲಿ ತುಪ್ಪ ಹಬ್ಬದ ಪದಾರ್ಥವಾಗಿದ್ದು, ಹೊಟ್ಟೆ ತುಂಬಿಸುತ್ತಿದ್ದುದು ಧಾನ್ಯ. ಇಂದಿಗೂ ಸ್ಥಿತಿ ಹೆಚ್ಚು ಬದಲಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಇಂಡಿಯಾಬ್ ಸಮೀಕ್ಷೆ 2025ರಲ್ಲಿ ಪ್ರಕಟಿಸಿದ ಪ್ರಕಾರ ಭಾರತೀಯರ ಊಟದ ಶಕ್ತಿಯಲ್ಲಿ ಶೇ 62ರಷ್ಟು ಶರ್ಕರಪಿಷ್ಟದಿಂದ, ಅದರಲ್ಲಿಯೂ ಹೆಚ್ಚಾಗಿ ಪಾಲಿಶ್ ಮಾಡಿದ ಅಕ್ಕಿ, ನುಣ್ಣನೆಯ ಹಿಟ್ಟು ಮತ್ತು ಸಕ್ಕರೆಯಿಂದ ಬರುತ್ತದೆ. ಅಕ್ಕಿಯ ಬದಲು ಗೋಧಿಯನ್ನೋ ಸಿರಿಧಾನ್ಯವನ್ನೋ ಅಷ್ಟೇ ಪ್ರಮಾಣದಲ್ಲಿ ತಿಂದ ಮಾತ್ರಕ್ಕೆ ಮಧುಮೇಹದ ಅಪಾಯ ತಗ್ಗುವಂತೆ ಕಾಣುವುದಿಲ್ಲ ಎಂಬ ಆ ಸಮೀಕ್ಷೆಯ ಮಾತು ರಾಗಿ, ಜೋಳಗಳ ನಾಡಾದ ಕರ್ನಾಟಕಕ್ಕೆ ಕಹಿಯೆನಿಸಿದರೂ ಗಮನಿಸತಕ್ಕದ್ದು. ಇದೇ ಸಮೀಕ್ಷೆಯ 2023ರ ವರದಿ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಅಂದಾಜಿಸಿತ್ತು.

ಶರ್ಕರಪಿಷ್ಟ ಅಗತ್ಯಕ್ಕಿಂತ ಹೆಚ್ಚಾದಾಗ ಯಕೃತ್ತು ಅದನ್ನು ಕೊಬ್ಬಾಗಿ ಪರಿವರ್ತಿಸಿ ಟ್ರೈಗ್ಲಿಸರೈಡ್ ರೂಪದಲ್ಲಿ ರಕ್ತಕ್ಕೆ ಬಿಡುತ್ತದೆ; ಭಾರತೀಯರ ರಕ್ತಪರೀಕ್ಷೆಯ ವರದಿಗಳಲ್ಲಿ ಮತ್ತೆ ಮತ್ತೆ ಕಾಣುವ ಹೆಚ್ಚಿದ ಟ್ರೈಗ್ಲಿಸರೈಡ್ ಮತ್ತು ತಗ್ಗಿದ ಎಚ್‌ಡಿಎಲ್, ಅಂದರೆ ‘ಒಳ್ಳೆಯ’ ಕೊಲೆಸ್ಟರಾಲ್, ಇಂಥ ಊಟದ ಜೊತೆ ಸಾಮಾನ್ಯವಾಗಿ ಬರುವ ಜೋಡಿ. ಪುಣೆಯ ವೈದ್ಯವಿಜ್ಞಾನಿ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಚಿತ್ರವೊಂದನ್ನು ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರಿಗೂ 22.3 ಇತ್ತು, ದೇಹದ ಕೊಬ್ಬು ಮಾತ್ರ ಯುಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ಸಣಕಲಾಗಿ ಕಾಣುವ ಭಾರತೀಯ ದೇಹದೊಳಗೂ ಬೊಜ್ಜು ಅಡಗಿರಬಲ್ಲದು ಎಂಬುದನ್ನು ಇದಕ್ಕಿಂತ ಅಡಕವಾಗಿ ಹೇಳಿದ ಪ್ರಬಂಧ ವಿರಳ. ಹೀಗಿದ್ದರೂ ಪಥ್ಯಕ್ಕೆ ಇಳಿದವರು ಒಗ್ಗರಣೆಯ ಎಣ್ಣೆಯನ್ನು ಹನಿಯೆಣಿಸಿ ಹಾಕುತ್ತ, ‘ಎಣ್ಣೆಯಿಲ್ಲ’ ಎಂಬ ಒಂದೇ ಕಾರಣಕ್ಕೆ ಮಾರಿ ಬಿಸ್ಕತ್ತು, ರಸ್ಕು, ಮಂಡಕ್ಕಿಗಳನ್ನು ನಿರ್ಭಯವಾಗಿ ತಿನ್ನುತ್ತಾರೆ. ಕೊಲೆಸ್ಟರಾಲ್ ಇರುವುದು ಪ್ರಾಣಿಜನ್ಯ ಆಹಾರದಲ್ಲಿ. ಕಡಲೆಕಾಯಿ, ಸೂರ್ಯಕಾಂತಿ ಎಣ್ಣೆಗಳಲ್ಲಿ ಅದು ಎಂದೂ ಲೆಕ್ಕಕ್ಕೆ ಬರುವಷ್ಟು ಇರಲಿಲ್ಲ. ‘ಕೊಲೆಸ್ಟರಾಲ್ ರಹಿತ’ ಎಂಬ ಮುದ್ರೆಯೊತ್ತಿ ಅವನ್ನು ಮಾರಿದ್ದು ಜಾಹೀರಾತಿನ ಜಾಣ್ಮೆ.

ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಪಾಲ್ಗೊಂಡ ‘ಪ್ಯೂರ್’ ಎಂಬ ಬಹುರಾಷ್ಟ್ರೀಯ ಅಧ್ಯಯನ 18 ದೇಶಗಳ 1,35,335 ಜನರ ಆಹಾರವನ್ನು ಪರಿಶೀಲಿಸಿ, ಶರ್ಕರಪಿಷ್ಟ ಅತಿ ಹೆಚ್ಚಿದ್ದವರಲ್ಲಿ ಸಾವಿನ ಪ್ರಮಾಣ ಹೆಚ್ಚೆಂದೂ ಕೊಬ್ಬು ಹೆಚ್ಚು ತಿಂದವರಲ್ಲಿ ಕಡಿಮೆಯೆಂದೂ 2017ರಲ್ಲಿ ವರದಿ ಮಾಡಿತು. ಬಡವರ ತಟ್ಟೆಯಲ್ಲಿ ಅನ್ನವೇ ಹೆಚ್ಚು, ಬಡತನವೂ ಆಯುಷ್ಯವನ್ನು ಕಡಿಮೆ ಮಾಡುತ್ತದೆ ಎಂಬ ಟೀಕಾಕಾರರ ಮಾತಿನಲ್ಲಿ ಹುರುಳಿದೆ. ಜನ ತಾವಾಗಿ ತಿನ್ನುವುದನ್ನು ಗಮನಿಸಿದ ಅಧ್ಯಯನ ಕಾರಣವನ್ನು ಸಾಬೀತುಮಾಡಲಾರದು. ಆದರೂ ಕೊಬ್ಬು ತನ್ನಷ್ಟಕ್ಕೆ ತಾನೇ ಕೊಲ್ಲುತ್ತದೆ ಎಂಬ ಹಳೆಯ ನಂಬಿಕೆಗೆ ಇದರಿಂದ ಬೆಂಬಲ ಸಿಗಲಿಲ್ಲ ಎನ್ನುವಷ್ಟನ್ನು ಧಾರಾಳವಾಗಿ ಹೇಳಬಹುದು.

ಕೊಬ್ಬಿಲ್ಲದೆ ದೇಹ ನಡೆಯುವುದೂ ಇಲ್ಲ. ಮುಂದೆ ಕೀಸ್ ಸೇರಲಿದ್ದ ಮಿನೆಸೊಟಾ ವಿಶ್ವವಿದ್ಯಾಲಯದಲ್ಲಿಯೇ 1929ರಲ್ಲಿ ಜಾರ್ಜ್ ಬರ್ ಮತ್ತು ಮಿಲ್‌ಡ್ರೆಡ್ ಬರ್ ದಂಪತಿ, ಕೊಬ್ಬನ್ನು ಸಂಪೂರ್ಣವಾಗಿ ತೆಗೆದ ಆಹಾರ ಕೊಟ್ಟ ಇಲಿಗಳ ಚರ್ಮ ಹೊಪ್ಪಳಿಸಿ, ಬೆಳವಣಿಗೆ ನಿಂತು, ಅವು ಸಾಯುತ್ತವೆಂದು ತೋರಿಸಿದ್ದರು. ದೇಹ ತಾನೇ ತಯಾರಿಸಿಕೊಳ್ಳಲಾಗದ ಲಿನೋಲಿಯಿಕ್ ಆಮ್ಲದಂಥ ಅಗತ್ಯ ಕೊಬ್ಬಿನಾಮ್ಲಗಳ ತಿಳಿವಳಿಕೆ ಬಂದದ್ದು ಅಲ್ಲಿಂದ. ಎ, ಡಿ, ಇ, ಕೆ ಜೀವಸತ್ತ್ವಗಳು ಜಿಡ್ಡಿನಲ್ಲಿ ಮಾತ್ರ ಕರಗುವುದರಿಂದ ದಂಟಿನ ಸೊಪ್ಪಿನ ಪಲ್ಯಕ್ಕೆ ಹಾಕುವ ಒಗ್ಗರಣೆಯೂ ಗಜ್ಜರಿ ಕೋಸಂಬರಿಗೆ ಉದುರಿಸುವ ತೆಂಗಿನತುರಿಯೂ ರುಚಿಗಷ್ಟೇ ಇರುವುದಲ್ಲ. ತೂಕ ಇಳಿಸುವವರು ವಿಶೇಷವಾಗಿ ತಿಳಿಯಬೇಕಾದದ್ದು ಪಿತ್ತಕೋಶದ ಸಂಗತಿ. ಯಕೃತ್ತಿನಲ್ಲಿ ತಯಾರಾಗುವ ಪಿತ್ತರಸ ಈ ಚಿಕ್ಕ ಚೀಲದಲ್ಲಿ ಶೇಖರವಾಗಿ, ಕರುಳಿಗೆ ಕೊಬ್ಬು ಬಂದಾಗಷ್ಟೇ ಚೀಲ ಚೆನ್ನಾಗಿ ಸಂಕುಚಿಸಿ ಅದನ್ನು ಹೊರಹಾಕುತ್ತದೆ. ತೂಕ ವೇಗವಾಗಿ ಇಳಿಯುವಾಗ ಪಿತ್ತರಸದಲ್ಲಿ ಕೊಲೆಸ್ಟರಾಲ್ ಹೆಚ್ಚುತ್ತದೆ, ಊಟದಲ್ಲಿ ಕೊಬ್ಬಿಲ್ಲದಿದ್ದರೆ ಚೀಲ ಖಾಲಿಯಾಗುವುದಿಲ್ಲ, ನಿಂತ ರಸದಲ್ಲಿ ಕಲ್ಲು ಕಟ್ಟುತ್ತದೆ. ಅತಿ ಕಡಿಮೆ ಕ್ಯಾಲೊರಿಯ ಪಥ್ಯಗಳಲ್ಲಿಯೂ ದಿನಕ್ಕೆ ಒಂದು ಊಟದಲ್ಲಾದರೂ ಸುಮಾರು 10 ಗ್ರಾಂ ಕೊಬ್ಬಿರಲಿ ಎಂದು ತಜ್ಞರು ಹೇಳುವುದು ಇದಕ್ಕಾಗಿ. ಜಿಡ್ಡನ್ನು ಪೂರ್ತಿ ತೊರೆದು ತೆಳ್ಳಗಾದವರು ಕೆಲವು ತಿಂಗಳ ಮೇಲೆ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಹೋಗುವ ಸಾಧ್ಯತೆ ಕಲ್ಪನೆಯದಲ್ಲ.

ಸಸ್ಯಾಹಾರಿಗಳಿಗೆ ಇನ್ನೊಂದು ತೊಡಕಿದೆ. ಅವರಿಗೆ ಪ್ರೋಟೀನ್ ಒಂಟಿಯಾಗಿ ಸಿಗುವುದು ಅಪರೂಪ. ತೊಗರಿ, ಹೆಸರುಗಳು ಅದನ್ನು ಶರ್ಕರಪಿಷ್ಟದ ಜೊತೆಗೆ ಕೊಡುತ್ತವೆ, ಪನೀರ್, ಕಡಲೆಕಾಯಿ, ಬಾದಾಮಿಗಳು ಕೊಬ್ಬಿನ ಜೊತೆಗೆ. ಬೇಳೆಯನ್ನು ಮಿತಗೊಳಿಸಿದ ಮೇಲೆ ಜಿಡ್ಡಿಗೂ ಹೆದರಿದರೆ ಪ್ರೋಟೀನೇ ಕೈತಪ್ಪಿ, ಇಳಿಯುವ ತೂಕದಲ್ಲಿ ಮಾಂಸಖಂಡದ ಪಾಲು ಹೆಚ್ಚಾಗುತ್ತದೆ. ಮೊಟ್ಟೆ ತಿನ್ನುವವರಲ್ಲಿಯೂ ಹಳದಿಯನ್ನು ಎಸೆಯುವ ಅಭ್ಯಾಸವಿದೆ. ಅದರೊಂದಿಗೆ ಮೊಟ್ಟೆಯ ಪ್ರೋಟೀನಿನ ಹೆಚ್ಚೂಕಡಿಮೆ ಅರ್ಧದಷ್ಟು ಕಸದ ಬುಟ್ಟಿಗೆ ಹೋಗುತ್ತದೆ.

ಹಾಗಾದರೆ 70 ಗ್ರಾಂ ಕೊಬ್ಬೆಂದರೆ ತಟ್ಟೆಯಲ್ಲಿ ಎಷ್ಟು? ಬೆಳಿಗ್ಗೆ ಒಂದು ಟೀ ಚಮಚ ಎಣ್ಣೆಯಲ್ಲಿ ಮಾಡಿದ ಎರಡು ಮೊಟ್ಟೆಯ ಆಮ್ಲೆಟ್ಟಿನಲ್ಲಿ 14–15 ಗ್ರಾಂ. ಮಧ್ಯಾಹ್ನದ ಪಲ್ಯ, ಸಾರುಗಳ ಒಗ್ಗರಣೆಗೆ ಎರಡು ಟೀ ಚಮಚ ಎಣ್ಣೆಯಿಂದ 9, ಅದರ ಮೇಲಿನ 20 ಗ್ರಾಂ ತೆಂಗಿನತುರಿಯಿಂದ 7. ನಂದಿನಿಯ ನೀಲಿ ಪ್ಯಾಕೆಟ್ಟಿನ ಹಾಲಿನಲ್ಲಿ ಶೇ 3ರಷ್ಟು ಕೊಬ್ಬಿರುವುದರಿಂದ ಅದರ ಒಂದು ದೊಡ್ಡ ಬಟ್ಟಲು ಮೊಸರಿನಲ್ಲಿ 6. ಸಂಜೆಯ ಒಂದು ಹಿಡಿ, ಅಂದರೆ 30 ಗ್ರಾಂ, ಹುರಿದ ಕಡಲೆಕಾಯಿಯಲ್ಲಿ 15. ರಾತ್ರಿಯ ನೂರು ಗ್ರಾಂ ಪನೀರಿನಲ್ಲಿ ಸುಮಾರು 20. ಕರಿದ ಪದಾರ್ಥ ಒಂದೂ ಇಲ್ಲ, ಚಮಚಗಟ್ಟಲೆ ತುಪ್ಪ ಸುರಿದುಕೊಂಡದ್ದಿಲ್ಲ, ಆದರೂ ಲೆಕ್ಕ ಮುಗಿಯಿತು. ಅಂಕಿಯಾಗಿ ಅಂಜಿಸುವ ಪ್ರಮಾಣ ಊಟವಾಗಿ ಮುಂದೆ ಬಂದಾಗ ಇಷ್ಟು ಸಾಧಾರಣವಾಗಿರುವುದನ್ನು ಒಮ್ಮೆ ಅಳೆದು ನೋಡುವುದೇ ಭಯಕ್ಕೆ ಇರುವ ತಕ್ಕ ಮದ್ದು. ಇಂಥ ಊಟ ಪಡಿತರದ ಅಕ್ಕಿಯ ಊಟಕ್ಕಿಂತ ದುಬಾರಿ ಎಂಬುದನ್ನು ಮಾತ್ರ ಮುಚ್ಚಿಡಬಾರದು. ಕಡಿಮೆ ಶರ್ಕರಪಿಷ್ಟದ ಉತ್ಸಾಹಿಗಳು ಸಾಮಾನ್ಯವಾಗಿ ಈ ಮಾತನ್ನು ಎತ್ತುವುದಿಲ್ಲ.

ಇದೇ ಉತ್ಸಾಹಿಗಳಲ್ಲಿ ಕೆಲವರು ಭಯವನ್ನು ಬಿಟ್ಟು ನೇರ ಭಕ್ತಿಗೆ ಜಿಗಿದಿದ್ದಾರೆ. ಕಾಫಿಗೆ ಬೆಣ್ಣೆ ಕದಡಿ ಕುಡಿಯುವುದು, ಕೊಬ್ಬರಿ ಎಣ್ಣೆಯನ್ನು ಔಷಧಿಯಂತೆ ಕುಡಿಯುವುದು ಈ ಪಂಥದ ಆಚರಣೆಗಳು. ಶರ್ಕರಪಿಷ್ಟ ಕಡಿಮೆಯಾದರೆ ಕ್ಯಾಲೊರಿ ಲೆಕ್ಕಕ್ಕೇ ಬಾರದು ಎಂಬ ಅವರ ನಂಬಿಕೆಯನ್ನು ಪ್ರಯೋಗಗಳು ಎತ್ತಿಹಿಡಿದಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡನರ್ ತಂಡ 609 ಜನರನ್ನು ಒಂದು ವರ್ಷ ಎರಡು ಬಗೆಯ ಪಥ್ಯಕ್ಕೆ ಹಚ್ಚಿ 2018ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಕಡಿಮೆ ಕೊಬ್ಬಿನವರು ಸರಾಸರಿ 5.3 ಕಿಲೊ, ಕಡಿಮೆ ಶರ್ಕರಪಿಷ್ಟದವರು 6 ಕಿಲೊ ಇಳಿಸಿದ್ದರು. ಈ ಅಂತರಕ್ಕೆ ಅಂಕಿಅಂಶದ ದೃಷ್ಟಿಯಿಂದ ಮಹತ್ವವಿರಲಿಲ್ಲ. ಮೊದಲ ವಾರದಲ್ಲಿ ಎರಡು ಮೂರು ಕಿಲೊ ಸರಸರನೆ ಇಳಿಯುವುದರಲ್ಲಿ ಹೆಚ್ಚಿನದು ನೀರು: ದೇಹ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಟ್ಟ ಪಿಷ್ಟ ಕರಗುವಾಗ ತನ್ನ ಮೂರು ಪಟ್ಟಿಗೂ ಹೆಚ್ಚಿನ ನೀರನ್ನು ಹೊರಗೆ ಬಿಡುತ್ತದೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120 ಕ್ಯಾಲೊರಿ ಇರುವುದು ಯಾವ ಪಂಥಕ್ಕೆ ಸೇರಿದವರಿಗೂ ಒಂದೇ, ಆದುದರಿಂದ ಡಬ್ಬಿಯಿಂದ ಬಾಣಲೆಗೆ ಬಗ್ಗಿಸುವ ಬದಲು ಚಮಚದಲ್ಲಿ ಅಳೆದು ಹಾಕುವುದು ಇಲ್ಲಿ ಬೇಕಾದ ಮುಖ್ಯ ಶಿಸ್ತು.

ಯಾವ ಕೊಬ್ಬು ಎಂಬ ಪ್ರಶ್ನೆ ಅಷ್ಟೇ ಮುಖ್ಯ. ಯಕೃತ್ತಿನ ಕೋಶಗಳು ರಕ್ತದಿಂದ ಎಲ್‌ಡಿಎಲ್ ಎಂಬ ಕೊಲೆಸ್ಟರಾಲ್ ವಾಹಕವನ್ನು ಹೇಗೆ ಸೆಳೆದುಕೊಳ್ಳುತ್ತವೆಂದು ತೋರಿಸಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದಾಗ ಆ ಸೆಳೆತ ಕುಗ್ಗಿ ಎಲ್‌ಡಿಎಲ್ ಏರುತ್ತದೆ, ಅದು ಏರಿದರೆ ರಕ್ತನಾಳ ಕಟ್ಟುವ ಅಪಾಯವೂ ಏರುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಸ್ಯಾಚುರೇಟೆಡ್ ಪಾಲು ಶೇ 90ರ ಆಸುಪಾಸು, ತುಪ್ಪದಲ್ಲಿ ಶೇ 60ಕ್ಕೂ ಹೆಚ್ಚು, ಕಡಲೆಕಾಯಿ ಎಣ್ಣೆಯಲ್ಲಿ ಶೇ 20ರೊಳಗೆ. ಕರಾವಳಿಯ ಅಡುಗೆಮನೆಯಿಂದ ಕೊಬ್ಬರಿ ಎಣ್ಣೆಯನ್ನು ಹೊರಹಾಕಬೇಕೆಂದು ಇದರ ಅರ್ಥವಲ್ಲ. ದಿನದ ಮೂಲ ಎಣ್ಣೆ ಕಡಲೆಕಾಯಿಯದೋ ಎಳ್ಳಿನದೋ ಆಗಿದ್ದು, ತುಪ್ಪ, ಕೊಬ್ಬರಿ ಎಣ್ಣೆಗಳು ಚಮಚದ ಮಟ್ಟದಲ್ಲಿರಲಿ ಎಂದಷ್ಟೇ. ನಿಜಕ್ಕೂ ಹೆದರಬೇಕಾದ ಕೊಬ್ಬು ಬೇರೆ ಇದೆ. 1937ರಲ್ಲಿ ಡಾಲ್ಡಾ ಹೆಸರಿನಲ್ಲಿ ಭಾರತದ ಮನೆಗಳನ್ನು ಹೊಕ್ಕ ವನಸ್ಪತಿಯಲ್ಲಿ, ದ್ರವ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಯಥೇಚ್ಛವಾಗಿತ್ತು, ಅದು ಎಲ್‌ಡಿಎಲ್ಲನ್ನು ಏರಿಸುವುದರ ಜೊತೆಗೆ ಎಚ್‌ಡಿಎಲ್ಲನ್ನೂ ಇಳಿಸುತ್ತದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಎಣ್ಣೆ, ಕೊಬ್ಬುಗಳಲ್ಲಿ ಅದರ ಪ್ರಮಾಣವನ್ನು ಶೇ 2ಕ್ಕೆ ಇಳಿಸಿದ್ದು 2022ರಲ್ಲಿ. ಬೋಂಡಾ ಬಾಣಲೆಯಲ್ಲಿ ದಿನವಿಡೀ ಕುದಿದು ಕಪ್ಪಾದ ಎಣ್ಣೆಯೂ ಇದೇ ಸಾಲಿಗೆ ಸೇರತಕ್ಕದ್ದು.

ಈ ದಾರಿಗೆ ಇಳಿಯುವವರು ಆರಂಭಕ್ಕೆ ಮುನ್ನವೂ ಮೂರು ತಿಂಗಳ ಮೇಲೂ ರಕ್ತದ ಕೊಬ್ಬಿನ ಪರೀಕ್ಷೆ ಮಾಡಿಸಿಕೊಳ್ಳಬೇಕು, ಏಕೆಂದರೆ ಬಹುಜನರಲ್ಲಿ ಟ್ರೈಗ್ಲಿಸರೈಡ್ ಇಳಿದರೂ ಕೆಲವರಲ್ಲಿ ಎಲ್‌ಡಿಎಲ್ ತೀವ್ರವಾಗಿ ಏರುತ್ತದೆ. ಪಿತ್ತಕೋಶದ ಕಲ್ಲು, ಮೂತ್ರಪಿಂಡದ ಕಾಯಿಲೆ ಇರುವವರು ಮತ್ತು ಗರ್ಭಿಣಿಯರು ಸ್ವಂತ ತೀರ್ಮಾನದಿಂದ ಇದಕ್ಕೆ ಕೈಹಾಕಬಾರದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಔಷಧಿಯ ಪ್ರಮಾಣವನ್ನು ಬದಲಿಸದೆ ಅನ್ನವನ್ನು ಮಾತ್ರ ಕಡಿಮೆ ಮಾಡಿದರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳನ್ನು ನುಂಗುವವರಲ್ಲಿ ಸಕ್ಕರೆ ಸಹಜವಾಗಿ ಕಂಡರೂ ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಎಂಬ ತುರ್ತುಸ್ಥಿತಿ ಬರಬಹುದು. ಇಂಥವರು ಎಣ್ಣೆಯ ಚಮಚದ ಲೆಕ್ಕಕ್ಕೆ ಕೂರುವ ಮೊದಲು ಮಾತ್ರೆಯ ಚೀಟಿ ಹಿಡಿದು ತಮ್ಮ ವೈದ್ಯರನ್ನು ಕಾಣಲಿ.